ಕಣ್ತಪ್ಪಿಗೆ ಕನ್ನಡಕ

ಬೆಳಗ್ಗೆ ಆರೂವರೆಗೆ ಕೊಡಿಗೇಹಳ್ಳಿ ಗೇಟಿನಲ್ಲಿ ನಿಂತರೆ ಉತ್ತರ ಬೆಂಗಳೂರಿನ ಕೈಕೆಲಸದ ಚರಿತ್ರೆಯೇ ವ್ಯಾನು ಹತ್ತುವುದು ಕಾಣುತ್ತದೆ. ಪಶ್ಚಿಮದ ಜಾಲಹಳ್ಳಿಯಲ್ಲಿ 1953ರ ಎಚ್‌ಎಂಟಿ, 1954ರ ಬಿಇಎಲ್. ಅದರಾಚೆ ಪೀಣ್ಯದ ಸಾಲು ಸಾಲು ಶೆಡ್ಡುಗಳು. ಬಳ್ಳಾರಿ ರಸ್ತೆ ಹಿಡಿದು ಉತ್ತರಕ್ಕೆ ಹೋದರೆ ದೇವನಹಳ್ಳಿ ಬದಿಯ ಏರೋಸ್ಪೇಸ್ ಪಾರ್ಕು. (ಕೆ.ಆರ್. ಪುರದ ಕಡೆ ಇನ್ನೊಂದು ಕೊಡಿಗೇಹಳ್ಳಿ ಇದೆ. ನಾನು ಹೇಳುತ್ತಿರುವುದು ಹೆಬ್ಬಾಳ, ಯಲಹಂಕದ ನಡುವಿನದು.) ಇಲ್ಲಿ ಕಾಯುತ್ತ ನಿಂತವರಲ್ಲಿ ಎಷ್ಟೋ ಜನ ದಿನವಿಡೀ ಮಾಡುವುದು ಒಂದೇ ಬಗೆಯ ಕೆಲಸ: ಬಿಡಿಭಾಗಗಳನ್ನು ಕೂಡಿಸುವುದು. ಅವರ ಬಾಯಲ್ಲಿ ಅದು ‘ಅಸೆಂಬ್ಲಿ’.

ನಮ್ಮ ಬೀದಿಯ ಹೆಣ್ಣುಮಗಳೊಬ್ಬರು ವಿಮಾನಗಳ ವೈರ್ ಹಾರ್ನೆಸ್, ಅಂದರೆ ವೈರುಗಳ ಕಂತೆ, ಕಟ್ಟುವ ಘಟಕವೊಂದರಲ್ಲಿ ಏಳು ವರ್ಷದಿಂದ ಇದ್ದಾರೆ. ಕೆಲಸ ಹೇಗೆ ಎಂದು ಕೇಳಿದಾಗ ಊಟದ ಮೇಜಿನ ಮೇಲೆ ಬೆರಳಲ್ಲಿ ಗೆರೆ ಎಳೆದು ತೋರಿಸಿದರು. ಬಾಗಿಲಿನಷ್ಟು ದೊಡ್ಡ ಹಲಗೆ. ಅದರ ಮೇಲೆ ಅಸಲಿ ಅಳತೆಯ ಡ್ರಾಯಿಂಗ್ ಅಂಟಿಸಿರುತ್ತಾರೆ. ಗೆರೆ ತಿರುಗುವಲ್ಲೆಲ್ಲ ಮೊಳೆ. ವೈರನ್ನು ಮೊಳೆಯಿಂದ ಮೊಳೆಗೆ ಹಾಯಿಸಬೇಕು, ಕವಲು ಒಡೆಯುವಲ್ಲಿ ದಾರ ಕಟ್ಟಬೇಕು, ತುದಿಯ ಸಿಪ್ಪೆ ಸುಲಿದು ಪಿನ್ ಕ್ರಿಂಪ್ ಮಾಡಿ ಕನೆಕ್ಟರಿನ ತೂತಿಗೆ ಕೂರಿಸಬೇಕು. ಕನೆಕ್ಟರು ಐದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದು, ಅದರಲ್ಲಿ ಹತ್ತಾರು ತೂತು. ವಿಮಾನದ ವೈರುಗಳು ಹೆಚ್ಚಾಗಿ ಬಿಳಿಯವೇ. ಬಣ್ಣ ನೋಡಿ ಗುರುತು ಹಿಡಿಯುವ ಹಾಗಿಲ್ಲ, ಮೈಮೇಲೆ ಅಚ್ಚಾದ ಪುಟ್ಟ ಸಂಖ್ಯೆಯನ್ನೇ ಓದಬೇಕು.

“ಪಿನ್ನು ಸರಿಯಾದ ತೂತಿಗೆ ಹೋದ್ರೂ ಟಿಕ್ ಅನ್ನುತ್ತೆ, ಪಕ್ಕದ ತೂತಿಗೆ ಹೋದ್ರೂ ಟಿಕ್ ಅನ್ನುತ್ತೆ ಅಣ್ಣ. ಕೈಗೆ ಎರಡೂ ಒಂದೇ,” ಎಂದರು.

ತಪ್ಪು ಹೊರಬೀಳುವುದು ಟೆಸ್ಟಿಂಗ್ ಮೇಜಿನಲ್ಲಿ. ಅಷ್ಟರಲ್ಲಿ ಹಾರ್ನೆಸ್ ಕಟ್ಟಿ ಮುಗಿದಿರುತ್ತದೆ. ಕಟ್ಟಿದ್ದೆಲ್ಲ ಬಿಚ್ಚಬೇಕು. ಟೆಸ್ಟಿಂಗ್ ಇರುವ ಕೆಲಸವಾದರೆ ಇಷ್ಟಕ್ಕೇ ಮುಗಿಯಿತು. ಬಿಗಿ ಸಾಲದ ಬೋಲ್ಟು, ಮರೆತ ವಾಷರು, ಮಡಿಚಿ ಕೂತ ಓ-ರಿಂಗು, ಇವು ಹೊರಗಿನಿಂದ ಸರಿಯಾಗಿಯೇ ಕಂಡು ಗಿರಾಕಿಯ ಮನೆಯವರೆಗೂ ಹೋಗಿಬಿಡುತ್ತವೆ.

ಕೈಗೆ ಗೊತ್ತಾಗದ ಈ ವ್ಯತ್ಯಾಸವನ್ನು ಕಣ್ಣಿಗೆ ಕಾಣಿಸುವಂತೆ ಮಾಡಬಹುದೇ ಎಂಬುದು ಆಗ್ಮೆಂಟೆಡ್ ರಿಯಾಲಿಟಿಯ, ಅಂದರೆ ಎಆರ್‌ನ, ಹುಟ್ಟಿಗೇ ಕಾರಣವಾದ ಪ್ರಶ್ನೆ. ‘ವರ್ಧಿತ ವಾಸ್ತವ’ ಎಂಬ ಅನುವಾದವೂ ಬಳಕೆಯಲ್ಲಿದೆ. ಆಟ, ಜಾಹೀರಾತು, ಮೊಬೈಲಿನ ಮೋಜು ಎಲ್ಲ ಆಮೇಲೆ ಬಂದವು. ಅಮೆರಿಕದ ಸಿಯಾಟಲ್‌ನ ಬೋಯಿಂಗ್ ಕಂಪನಿಯಲ್ಲಿ ಥಾಮಸ್ ಕಾಡೆಲ್ ಮತ್ತು ಡೇವಿಡ್ ಮಿಜೆಲ್ 1990ರ ಹೊತ್ತಿಗೆ ಎದುರಿಸಿದ ಸಮಸ್ಯೆ ನಮ್ಮ ಬೀದಿಯ ಆಕೆಯದೇ: ವೈರ್ ಹಾರ್ನೆಸ್ಸಿನ ಹಲಗೆ. ಪ್ರತಿ ವಿಮಾನದ ವೈರಿಂಗ್ ಗಿರಾಕಿಗೆ ತಕ್ಕಂತೆ ಬದಲಾಗುತ್ತಿತ್ತು. ಪ್ರತಿಯೊಂದಕ್ಕೂ ಬೇರೆ ಹಲಗೆ, ಅವನ್ನು ಇಡಲು ಗೋದಾಮು, ಡ್ರಾಯಿಂಗ್ ಬದಲಾದಾಗ ಹಲಗೆಯನ್ನೂ ಹೊಸದಾಗಿ ಮಾಡುವ ಖರ್ಚು. ಒಂದೇ ಖಾಲಿ ಹಲಗೆ ಇಟ್ಟು, ಕೆಲಸಗಾರನ ಕಣ್ಣ ಮುಂದಿನ ಗಾಜಿನಲ್ಲಿ ಗೆರೆ ಮೂಡಿಸಿದರೆ? ಆ ಯೋಚನೆಗೆ ಕಾಡೆಲ್ ಇಟ್ಟ ಹೆಸರೇ ‘ಆಗ್ಮೆಂಟೆಡ್ ರಿಯಾಲಿಟಿ’. ಅವರ ಪ್ರಬಂಧ 1992ರಲ್ಲಿ ಪ್ರಕಟವಾಯಿತು. ಕಂಪ್ಯೂಟರ್ ವಿಜ್ಞಾನಿ ಇವಾನ್ ಸದರ್ಲ್ಯಾಂಡ್ 1968ರಲ್ಲೇ ತಲೆಗೆ ತೊಡುವ ಪರದೆ ಮಾಡಿ ತೋರಿಸಿದ್ದರು, ಆದರೆ ಅದು ಪ್ರಯೋಗಶಾಲೆಯ ಚಾವಣಿಗೆ ತೂಗುಬಿದ್ದ ಯಂತ್ರ. ಕಾರ್ಖಾನೆಯ ಮೇಜಿನ ಬಳಿಗೆ ಆ ಕನಸನ್ನು ತಂದವರು ಬೋಯಿಂಗ್‌ನ ಈ ಇಬ್ಬರು. ಬೋಯಿಂಗ್‌ಗೆ ಇವತ್ತು ಹಾರ್ನೆಸ್ ಮಾಡಿಕೊಡುವ ರೋಸೆಲ್ ಟೆಕ್ಸಿಸ್, ಸಾಸ್ಮಾಸ್‌ನಂಥ ಕಂಪನಿಗಳು ಬೆಂಗಳೂರಿನವು. ಹಾಗಾಗಿ ಈ ಪ್ರಶ್ನೆ ನಮಗೆ ದೂರದ್ದಲ್ಲ.

ಮನುಷ್ಯ ಯಾಕೆ ತಪ್ಪು ಮಾಡುತ್ತಾನೆ ಎಂಬುದನ್ನು ತಿಳಿಯದೆ ಈ ಕನ್ನಡಕದ ಯೋಗ್ಯತೆ ಅಳೆಯಲಾಗದು. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ 1990ರ ‘ಹ್ಯೂಮನ್ ಎರರ್’ ಪುಸ್ತಕದಲ್ಲಿ ತಪ್ಪುಗಳನ್ನು ಬಗೆಗಳಾಗಿ ಬಿಡಿಸಿದರು. ಆ ಬಗೆಗಳಿಗೆ ಕನ್ನಡದಲ್ಲಿ ಮೊದಲೇ ಹೆಸರುಗಳಿರುವುದು ನನಗೆ ಅಚ್ಚರಿಯ ಸಂಗತಿ. ಮಾಡಬೇಕಾದ್ದು ಗೊತ್ತು, ಆದರೂ ಕೈ ಬೇರೆಡೆ ಹೋಯಿತು: ಇದು ಕಣ್ತಪ್ಪು, ಕೈತಪ್ಪು. ಮಾಡಬೇಕಾದ್ದು ಮನಸ್ಸಿನಿಂದಲೇ ಜಾರಿತು: ಮರೆವು. ಗ್ರಹಿಸಿದ್ದೇ ತಪ್ಪು, ಗ್ರಹಿಸಿದಂತೆ ಮಾತ್ರ ಶ್ರದ್ಧೆಯಿಂದ ಮಾಡಿದೆ: ತಪ್ಪು ತಿಳಿವಳಿಕೆ. ಇನ್ನೊಂದಿದೆ, ನಿಯಮ ಗೊತ್ತಿದ್ದೂ ಹೊತ್ತು ಸಾಲದೆ ಹಿಡಿಯುವ ಅಡ್ಡದಾರಿ. ಬೇನೆ ನಾಲ್ಕಾದ ಮೇಲೆ ಮದ್ದು ಒಂದೇ ಆಗುವುದು ಹೇಗೆ?

ಅದೇ 1990ರ ಜೂನ್ 10ರ ಘಟನೆಯೊಂದರಲ್ಲಿ ಈ ಬಗೆಗಳಲ್ಲಿ ಹಲವು ಬೆರೆತಿವೆ. ಬರ್ಮಿಂಗ್‌ಹ್ಯಾಮ್‌ನಿಂದ ಸ್ಪೇನಿನ ಮಾಲಗಾಕ್ಕೆ ಹೊರಟ ಬ್ರಿಟಿಷ್ ಏರ್‌ವೇಸ್ 5390 ವಿಮಾನದ ಕಾಕ್‌ಪಿಟ್ ಗಾಜು ಆಕಾಶದಲ್ಲೇ ಕಿತ್ತುಹೋಯಿತು. ಕ್ಯಾಪ್ಟನ್ ಅರ್ಧ ದೇಹ ಹೊರಗೆ ಸೆಳೆಯಲ್ಪಟ್ಟರು. ಸಿಬ್ಬಂದಿ ಅವರ ಕಾಲು ಹಿಡಿದುಕೊಂಡೇ ಇದ್ದರು, ಸಹಚಾಲಕ ಸೌತಾಂಪ್ಟನ್‌ನಲ್ಲಿ ವಿಮಾನ ಇಳಿಸಿದರು, ಕ್ಯಾಪ್ಟನ್ ಬದುಕಿದರು. ಗಾಜನ್ನು ಬದಲಿಸಿ ಒಂದು ದಿನಕ್ಕಿಂತ ತುಸು ಹೆಚ್ಚಾಗಿತ್ತು ಅಷ್ಟೆ. ಅದಕ್ಕೆ ಹಾಕಿದ್ದ 90 ಬೋಲ್ಟುಗಳಲ್ಲಿ 84ರ ದಪ್ಪ ತುಸು ಕಡಿಮೆ, ಉಳಿದ ಆರರ ಉದ್ದ ಕಡಿಮೆ. ರಾತ್ರಿ ಪಾಳಿಯ ಮೇಲ್ವಿಚಾರಕ ಹಳೆಯ ಬೋಲ್ಟು ಕೈಲಿ ಹಿಡಿದು, ಮಂದ ಬೆಳಕಿನ ಡ್ರಾಯರಿನಲ್ಲಿ ಕಣ್ಣಂದಾಜಿನಿಂದಲೇ ಹೊಸದನ್ನು ಆರಿಸಿದ್ದರು. ಓದುವ ಕನ್ನಡಕವಿತ್ತು, ಹಾಕಿರಲಿಲ್ಲ. ಬೇರೆ ಅಳತೆಯದು ಬೇಕು ಎಂದು ಸ್ಟೋರಿನವರು ಹೇಳಿದ್ದರು. ಇದ್ದದ್ದು ಇದೇ ತಾನೇ ಎಂದು ಮೇಲ್ವಿಚಾರಕರು ಮುಂದುವರಿದರು. ಆ ‘ಇದ್ದದ್ದೂ’ ಕ್ಯಾಟಲಾಗಿನ ಅಳತೆಯದಾಗಿರಲಿಲ್ಲ.

ಎಆರ್ ಇದ್ದಿದ್ದರೆ ಏನಾಗುತ್ತಿತ್ತು? ಸರಿಯಾದ ಡ್ರಾಯರಿನ ಮೇಲೆ ಹಸಿರು ಬೆಳಕು ಬೀಳುತ್ತಿತ್ತು. ಮಂದ ಬೆಳಕು, ಓದಲಾಗದ ಅಕ್ಷರ, ಹಾಕದ ಕನ್ನಡಕ, ಇವಕ್ಕೆಲ್ಲ ಪರಿಹಾರ ಸಿಗುತ್ತಿತ್ತು. ಆದರೆ ಅನುಭವಿಯೊಬ್ಬ ‘ನನಗೆ ಗೊತ್ತು’ ಎಂದು ಆ ಬೆಳಕನ್ನು ಬದಿಗೆ ಸರಿಸಿದ್ದರೆ? ಬೋಲ್ಟಿನ ಸಂಖ್ಯೆ ಸ್ಕ್ಯಾನ್ ಆಗದೆ ಮುಂದಿನ ಹೆಜ್ಜೆ ತೆರೆಯದಂತೆ ಕಟ್ಟಿದ್ದರೆ ಮಾತ್ರ ತಡೆಯಬಹುದಿತ್ತು. ತೋರಿಸುವುದು ಬೇರೆ, ಸರಿಯಾಗಿದೆಯೇ ಎಂದು ನೋಡಿ ತಡೆಯುವುದು ಬೇರೆ. ಎಆರ್ ಮಾರುವವರ ಮಾತಿನಲ್ಲಿ ಇವೆರಡೂ ಯಾವಾಗಲೂ ಒಂದಾಗಿ ಬೆರೆತಿರುತ್ತವೆ. ಕೊಳ್ಳುವವರು ಮೊದಲು ಬೇರ್ಪಡಿಸಿ ಕೇಳಬೇಕಾದ್ದು ಇದನ್ನೇ.

ತೋರಿಸುವುದರಿಂದ ಲಾಭವಿದೆಯೇ? ಖಂಡಿತ ಇದೆ. 2003ರಲ್ಲಿ ಆರ್ಥರ್ ಟ್ಯಾಂಗ್ ಮತ್ತು ಸಂಗಡಿಗರು ಮಕ್ಕಳಾಟದ ಡ್ಯೂಪ್ಲೊ ಇಟ್ಟಿಗೆಗಳನ್ನು ಜೋಡಿಸುವ ಪ್ರಯೋಗ ಮಾಡಿದರು. ಮುದ್ರಿತ ಕೈಪಿಡಿ, ಕಂಪ್ಯೂಟರ್ ಪರದೆ, ತಲೆಗೆ ತೊಟ್ಟ ಪರದೆಯಲ್ಲಿ ಸುಮ್ಮನೆ ನಿಂತ ಚಿತ್ರ, ಇಟ್ಟಿಗೆ ಕೂರಬೇಕಾದ ಜಾಗದ ಮೇಲೇ ಕೂತ ಚಿತ್ರ, ಹೀಗೆ ನಾಲ್ಕು ದಾರಿ. ಕೊನೆಯ ದಾರಿಯಲ್ಲಿ ತಪ್ಪುಗಳು 82 ಪ್ರತಿಶತ ಇಳಿದವು. ಅದರಲ್ಲೂ ಒಂದು ತಪ್ಪಿನ ಮೇಲೆ ಇನ್ನೊಂದು ಕಟ್ಟುತ್ತ ಹೋಗುವ ತಪ್ಪುಗಳು ಬಹಳ ತಗ್ಗಿದವು. ಸೂಚನೆ ಪುಟದಲ್ಲಿದ್ದರೆ ಕಣ್ಣು ಪುಟಕ್ಕೂ ಕೆಲಸಕ್ಕೂ ಓಡಾಡಬೇಕು, ಪ್ರತಿ ಓಡಾಟದಲ್ಲೂ ಜಾಗವನ್ನು ನೆನಪಿಡಬೇಕು. ಕಣ್ತಪ್ಪು ಹುಟ್ಟುವುದೇ ಆ ನಡುವಿನ ಗಳಿಗೆಯಲ್ಲಿ. ಎಆರ್ ಆ ಓಡಾಟವನ್ನೇ ಅಳಿಸುತ್ತದೆ. ಆದರೆ ಅದೇ ಪ್ರಬಂಧ ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟಿತ್ತು: ಗೆರೆ ತೋರಿದ ಕಡೆಗೇ ಗಮನ ನೆಟ್ಟು, ಸುತ್ತಲಿನದು ಕಾಣದೇ ಹೋಗಬಹುದು.

ಕಾರ್ಖಾನೆಗಳಿಂದ ಬಂದ ಅಂಕಿಗಳೂ ಉತ್ಸಾಹ ತರುವಂಥವೇ. ಏರ್‌ಬಸ್ ಕಂಪನಿ ಎ380 ವಿಮಾನದ ಒಡಲೊಳಗಿನ 60ರಿಂದ 80 ಸಾವಿರ ಬ್ರ್ಯಾಕೆಟ್ಟುಗಳ ತಪಾಸಣೆಗೆ ಟ್ಯಾಬ್ಲೆಟ್ ಆಧಾರಿತ ಎಆರ್ ಬಳಸಿತು. ಮೂರು ವಾರದ ಕೆಲಸ ಮೂರು ದಿನಕ್ಕೆ ಇಳಿಯಿತು ಎಂದು ಹೇಳಿತು. ಬೋಯಿಂಗ್ ಗೂಗಲ್ ಗ್ಲಾಸ್ ತೊಡಿಸಿ ಹಾರ್ನೆಸ್ ಕಟ್ಟಿಸಿ, ಸಮಯ ಕಾಲು ಭಾಗ ಉಳಿಯಿತು, ತಪ್ಪು ಹೆಚ್ಚುಕಡಿಮೆ ಇಲ್ಲವಾಯಿತು ಎಂದಿತು. 2017ರಲ್ಲಿ ಜಿಇ ಏವಿಯೇಷನ್ ಇನ್ನೊಂದು ಹೆಜ್ಜೆ ಇಟ್ಟಿತು. ಎಂಜಿನ್ನಿನ ನಟ್ಟು ಬಿಗಿಸುವ ಟಾರ್ಕ್ ರೆಂಚನ್ನು ವೈ-ಫೈ ಮೂಲಕ ಕನ್ನಡಕಕ್ಕೆ ಜೋಡಿಸಿತು. ಎಷ್ಟು ಬಿಗಿಸಬೇಕೆಂದು ಕನ್ನಡಕ ಹೇಳುತ್ತದೆ, ಎಷ್ಟು ಬಿಗಿಯಾಯಿತೆಂದು ರೆಂಚು ಹೇಳುತ್ತದೆ. ದಕ್ಷತೆ 8ರಿಂದ 12 ಪ್ರತಿಶತ ಏರಿತೆಂಬ ವರದಿ ಬಂತು. ಇವೆಲ್ಲ ಆಯಾ ಕಂಪನಿಗಳೇ ಹೇಳಿಕೊಂಡ ಲೆಕ್ಕ ಎಂಬುದನ್ನು ಮರೆಯಬಾರದು. ಆದರೂ ಜಿಇ ಪ್ರಯೋಗವೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ತೋರಿಸುವ ಕೆಲಸಕ್ಕೆ ತಡೆಯುವ ಕೆಲಸ ಸೇರಿದ್ದು ಅಲ್ಲಿ. ಕೈಗೂ ಕಣ್ಣಿಗೂ ತಿಳಿಯದ ಬಿಗಿಯನ್ನು ಅಳೆದದ್ದು ರೆಂಚು. ಕನ್ನಡಕ ಅದರ ಮಾತನ್ನು ದಾಟಿಸಿತು.

ಈ ಉತ್ಸಾಹವನ್ನು ತುಸು ತಗ್ಗಿಸುವ ಅಧ್ಯಯನವೂ ಇದೆ. ಜರ್ಮನಿಯ ಮಾರ್ಕುಸ್ ಫುಂಕ್ ಮತ್ತು ಸಂಗಡಿಗರು ಮೇಜಿನ ಮೇಲೆಯೇ ಪ್ರೊಜೆಕ್ಟರಿನಿಂದ ಸೂಚನೆ ಮೂಡಿಸುವ ವ್ಯವಸ್ಥೆಯನ್ನು ನಿಜವಾದ ಕೆಲಸದ ಜಾಗದಲ್ಲಿ ಬಹುದಿನ ಬಳಸಿ ನೋಡಿ, 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೊಸಬರು ಬೇಗ ಕಲಿತರು. ನುರಿತವರು ನಿಧಾನವಾದರು. ಕೈಗೆ ಲಯ ಬಂದವರಿಗೆ ಪ್ರತಿ ಹೆಜ್ಜೆಯ ಅಪ್ಪಣೆ ಅಡ್ಡಿ. ಅಡುಗೆ ಬಲ್ಲವರ ಬೆನ್ನ ಹಿಂದೆ ನಿಂತು ‘ಈಗ ಸಾಸಿವೆ, ಈಗ ಕರಿಬೇವು’ ಎಂದರೆ ಒಗ್ಗರಣೆ ಸೀದು ಹೋಗುವ ಹಾಗೆ. ಹಾಗಾದರೆ ಎಆರ್‌ಗೆ ತಕ್ಕ ಜಾಗ ಯಾವುದು? ಹೊಸಬರ ಮೊದಲ ವಾರಗಳು. ಮತ್ತು ದಿನಕ್ಕೊಂದು ಮಾದರಿ ಬದಲಾಗಿ, ನುರಿತವರೂ ಹೊಸಬರೇ ಆಗುವಂಥ ಕೆಲಸ. ದಿನಕ್ಕೆ ಸಾವಿರ ಒಂದೇ ಬಗೆಯ ಪಂಪು ಜೋಡಿಸುವ ಲೈನಿಗೆ ಇದರ ಅಗತ್ಯ ಕಡಿಮೆ. ತಿಂಗಳಿಗೆ ನಲವತ್ತು ಬಗೆಯ ಹಾರ್ನೆಸ್ಸು, ಬಗೆಗೆ ಮೂರೋ ನಾಲ್ಕೋ ನಗ ಕಟ್ಟುವ ಕಡೆ ಇದು ನಿಜಕ್ಕೂ ಬೇಕು. ಬೆಂಗಳೂರಿನ ವಿಮಾನ, ರಕ್ಷಣಾ ಬಿಡಿಭಾಗಗಳ ಕೆಲಸ ಬಹುಮಟ್ಟಿಗೆ ಈ ಎರಡನೆಯ ಜಾತಿಯದು.

ಸಾಧನಗಳ ಚರಿತ್ರೆ ಮಾತ್ರ ಧೈರ್ಯ ಕೊಡುವುದಿಲ್ಲ. ಗೂಗಲ್ ತನ್ನ ಕಾರ್ಖಾನೆ ಕನ್ನಡಕದ ಮಾರಾಟವನ್ನು 2023ರ ಮಾರ್ಚ್‌ನಲ್ಲಿ ನಿಲ್ಲಿಸಿತು. 2019ರಲ್ಲಿ 3,500 ಡಾಲರಿಗೆ ಬಂದ ಮೈಕ್ರೋಸಾಫ್ಟ್‌ನ ಹೋಲೋಲೆನ್ಸ್ 2ರ ತಯಾರಿಕೆ 2024ರಲ್ಲಿ ನಿಂತಿತು. ಅದರ ತೂಕ 566 ಗ್ರಾಂ, ಬ್ಯಾಟರಿ ಎರಡು ಮೂರು ತಾಸಿನದು. ಎಂಟು ತಾಸಿನ ಪಾಳಿಯಲ್ಲಿ, ಏಪ್ರಿಲ್ ತಿಂಗಳ ಶೀಟಿನ ಶೆಡ್ಡಿನಲ್ಲಿ, ತಲೆಗೆ ಮೊದಲೇ ಟೋಪಿ ಹಾಕಿಕೊಂಡವರ ಮೇಲೆ ಅರ್ಧ ಕಿಲೋಗೂ ಮಿಕ್ಕಿದ ಯಂತ್ರ ಕೂರಿಸುವುದನ್ನು ಊಹಿಸಿಕೊಳ್ಳಿ. ಕತ್ತು ನೋವು, ಬೆವರು, ಮಬ್ಬಾದ ಗಾಜು. ತಪ್ಪು ತಡೆಯಲು ತಂದದ್ದೇ ಸುಸ್ತು ತಂದರೆ ತಪ್ಪು ಹಿಂಬಾಗಿಲಿನಿಂದ ಒಳಬರುತ್ತದೆ. ಕೂತಲ್ಲೇ ಮಾಡುವ ಮೇಜಿನ ಕೆಲಸಕ್ಕೆ ಮೇಲಿನಿಂದ ಬೆಳಕು ಚೆಲ್ಲುವ ಪ್ರೊಜೆಕ್ಟರು, ತೆಗೆಯಬೇಕಾದ ಟ್ರೇ ಮೇಲೆ ಬೆಳಗುವ ದೀಪ, ಮೇಲೊಂದು ಕ್ಯಾಮೆರಾ, ಇಷ್ಟೇ ಸಾಕಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ದೊಡ್ಡ ಯಂತ್ರದ ಸುತ್ತ ಓಡಾಡುತ್ತ ಮಾಡುವ ಕೆಲಸಕ್ಕಷ್ಟೇ ತಲೆಗೆ ತೊಡುವುದು ಬೇಕು. ಜೋಡಣೆಗೆ ನೆರವಾಗಲು ಎಆರ್ ಜೊತೆ ಡೀಪ್ ಲರ್ನಿಂಗ್ ಬೆಸೆಯುವ ಸಂಶೋಧನೆ ನಮ್ಮ ಐಐಎಸ್‌ಸಿಯಲ್ಲೇ, ಪ್ರದೀಪ್ತ ಬಿಸ್ವಾಸ್ ಅವರ ತಂಡದಲ್ಲಿ ನಡೆದಿದೆ. ಭಾಗವನ್ನು ಕ್ಯಾಮೆರಾ ಗುರುತಿಸುವಂತಾದರೆ ತೋರಿಸುವುದಕ್ಕೂ ತಡೆಯುವುದಕ್ಕೂ ನಡುವಿನ ಕಂದಕ ಕಿರಿದಾಗುತ್ತದೆ.

ಕಣ್ಣಿಗೆ ನೆರವು ಕೊಟ್ಟು ಜೋಡಿಸುವುದು ಉತ್ತರ ಬೆಂಗಳೂರಿಗೆ ಹೊಸದೇನಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಶುರುವಾದ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಚಿಮಟದಲ್ಲಿ ಎಳ್ಳಿಗಿಂತ ಸಣ್ಣ ಸ್ಕ್ರೂ ಹಿಡಿದು ಕೂಡಿಸುತ್ತಿದ್ದವರಲ್ಲಿ ಹೆಂಗಸರು ಬಹಳ ಮಂದಿ. ಆ ಭೂತಗನ್ನಡಿ ಅವರ ಕಣ್ಣಿನ ಶಕ್ತಿಯನ್ನು ಹೆಚ್ಚಿಸಿತು, ನಿರ್ಧಾರವನ್ನು ಅವರ ಕೈಯಲ್ಲೇ ಬಿಟ್ಟಿತು. ಜಪಾನಿನಿಂದಲೇ ಬಂದ ಇನ್ನೊಂದು ವಿದ್ಯೆ ‘ಪೋಕಾ ಯೋಕೆ’. ಪೀಣ್ಯದ ಗೋಡೆಗಳ ಮೇಲೆ ಈ ಪದ ಎಷ್ಟೋ ಕಡೆ ಬರೆದಿರುತ್ತದೆ. 1961ರಲ್ಲಿ ಎಂಜಿನಿಯರ್ ಶಿಗಿಯೊ ಶಿಂಗೊ ಯಮಾದಾ ಎಲೆಕ್ಟ್ರಿಕ್ ಕಂಪನಿಗೆ ಹೋದಾಗ ಅಲ್ಲಿ ಪುಟ್ಟ ಸ್ವಿಚ್ಚಿನೊಳಗೆ ಸ್ಪ್ರಿಂಗ್ ಹಾಕಲು ಕೆಲಸಗಾರರು ಆಗಾಗ ಮರೆಯುತ್ತಿದ್ದರು. ಶಿಂಗೊ ಹೇಳಿದ್ದು ಇಷ್ಟೆ: ಮೊದಲು ಎರಡು ಸ್ಪ್ರಿಂಗನ್ನು ಒಂದು ತಟ್ಟೆಗೆ ಹಾಕಿಕೊಳ್ಳಿ, ಆಮೇಲೆ ಕೆಲಸ ಶುರುಮಾಡಿ. ತಟ್ಟೆಯಲ್ಲಿ ಉಳಿದರೆ ಮರೆತಿರಿ ಎಂದರ್ಥ. ಒಂದು ತಟ್ಟೆಯ ಖರ್ಚಿನಲ್ಲಿ ಮರೆವಿಗೆ ಮದ್ದು ಸಿಕ್ಕಿತು. ಮೊದಲು ಈ ವಿದ್ಯೆಗೆ ‘ಬಾಕಾ ಯೋಕೆ’ ಎಂದೇ ಹೆಸರು, ಅಂದರೆ ದಡ್ಡರಿಂದ ರಕ್ಷಣೆ. ಕೆಲಸಗಾರ್ತಿಯೊಬ್ಬರು ಆ ಮಾತಿನಿಂದ ನೊಂದುಕೊಂಡ ಮೇಲೆ ಶಿಂಗೊ ಹೆಸರು ಬದಲಿಸಿದರು. ಪೋಕಾ ಎಂದರೆ ಯಾರಿಂದಲೂ ಆಗಬಹುದಾದ ಅಚಾತುರ್ಯ. ತಟ್ಟೆಯಿಂದ ಬಗೆಹರಿಯುವುದಕ್ಕೆ ಲಕ್ಷಗಟ್ಟಲೆ ಸುರಿಯಬೇಕಿಲ್ಲ. ತಟ್ಟೆ ಸಾಲದ ಕಡೆ ಎಆರ್ ಬರಲಿ.

ಇನ್ನು ಎಆರ್‌ನ ತವರಿಗೇ ಮರಳೋಣ. 2024ರ ಜನವರಿ 5ರಂದು ಅಮೆರಿಕದ ಪೋರ್ಟ್‌ಲ್ಯಾಂಡ್‌ನಿಂದ ಹೊರಟ ಅಲಾಸ್ಕಾ ಏರ್‌ಲೈನ್ಸ್ 1282, ಬೋಯಿಂಗ್ 737 ಮ್ಯಾಕ್ಸ್ 9, ಹದಿನೈದು ಸಾವಿರ ಅಡಿಯ ಆಸುಪಾಸಿನಲ್ಲಿದ್ದಾಗ ಗೋಡೆಯ ಒಂದು ಭಾಗವೇ ಹಾರಿಹೋಯಿತು. ಬಾಗಿಲಿನ ಜಾಗಕ್ಕೆ ಕೂರಿಸಿದ ಮುಚ್ಚಳ ಅದು. ಒಳಗಿದ್ದ 177 ಜನರೂ ಉಳಿದರು. ಮುಚ್ಚಳ ಮೇಲೆ ಸರಿಯದಂತೆ ಹಿಡಿಯಬೇಕಾದ ನಾಲ್ಕು ಬೋಲ್ಟುಗಳು ಅಲ್ಲಿ ಇರಲೇ ಇಲ್ಲ ಎಂದು ತನಿಖೆ ಹೇಳಿತು. 2023ರ ಸೆಪ್ಟೆಂಬರ್‌ನಲ್ಲಿ ರೆಂಟನ್ ಕಾರ್ಖಾನೆಯಲ್ಲಿ ಪಕ್ಕದ ರಿವೆಟ್ಟುಗಳ ದುರಸ್ತಿಗೆಂದು ಆ ಮುಚ್ಚಳ ತೆರೆದಿದ್ದರು. ತೆರೆದದ್ದಕ್ಕೆ ದಾಖಲೆ ಬರೆಯಲಿಲ್ಲ. ದಾಖಲೆ ಇಲ್ಲದ ಮೇಲೆ ಬೋಲ್ಟು ಮರಳಿ ಹಾಕಿದರೇ ಎಂದು ಪರೀಕ್ಷಿಸುವ ಕೆಲಸವೂ ಯಾರ ಪಟ್ಟಿಗೂ ಬರಲಿಲ್ಲ.

ಅವತ್ತು ರೆಂಟನ್‌ನಲ್ಲಿ ಕೆಲಸಗಾರನ ಕಣ್ಣ ಮೇಲೆ ಅತ್ಯುತ್ತಮ ಎಆರ್ ಕನ್ನಡಕ ಇದ್ದಿದ್ದರೂ ಅದು ಆ ನಾಲ್ಕು ಬೋಲ್ಟುಗಳನ್ನು ತೋರಿಸುತ್ತಿರಲಿಲ್ಲ. ಕನ್ನಡಕ ತೋರಿಸುವುದು ವರ್ಕ್ ಆರ್ಡರಿನಲ್ಲಿ ಇರುವುದನ್ನು. ಆರ್ಡರಿನಲ್ಲೇ ಇಲ್ಲದ ಕೆಲಸ ಅದಕ್ಕೆ ಕಾಣದು. ಈ ಇಡೀ ಪ್ರಶ್ನೆಯ ಬಗ್ಗೆ ನನ್ನ ನಿಲುವು ನಿಂತಿರುವುದು ಇಲ್ಲಿ. ಕಣ್ತಪ್ಪು, ಕೈತಪ್ಪಿಗೆ ಎಆರ್ ಒಳ್ಳೆಯ ಮದ್ದು. ಹೆಜ್ಜೆ ಮರೆತರೆ ನೆನಪಿಸಬಲ್ಲದು. ತಪ್ಪು ತಿಳಿವಳಿಕೆಯನ್ನು ಅರ್ಧ ತಿದ್ದಬಲ್ಲದು. ಗಡುವಿನ ಒತ್ತಡ, ಕಾಗದ ತುಂಬದ ಅಭ್ಯಾಸ, ಒಂದು ಪಾಳಿ ಇನ್ನೊಂದಕ್ಕೆ ಹೇಳದೆ ಬಿಟ್ಟ ಮಾತು, ಇವು ಕನ್ನಡಕದ ಹಿಂದಿನ ಸಂಗತಿಗಳು. ಅಲ್ಲಿಗೆ ಹೋಗಬೇಕಾದವರು ಮ್ಯಾನೇಜರುಗಳೇ.

ನಮ್ಮಲ್ಲಿ ಇನ್ನೆರಡು ಮಾತು ಸೇರಿಸಬೇಕು. ಪೀಣ್ಯದ ಒಂದೇ ಲೈನಿನಲ್ಲಿ ರಾಯಚೂರಿನವರು, ಒಡಿಶಾದವರು, ಬಿಹಾರದವರು ಅಕ್ಕಪಕ್ಕ ಕೂತಿರುತ್ತಾರೆ. ಗೋಡೆಯ ಎಸ್‌ಒಪಿ, ಅಂದರೆ ಕೆಲಸದ ಕ್ರಮ ಹೇಳುವ ಪಟ್ಟಿ, ಇಂಗ್ಲಿಷಿನಲ್ಲಿ. ಗುತ್ತಿಗೆಯ ಹುಡುಗರು ಕೆಲವೇ ತಿಂಗಳಲ್ಲಿ ಬದಲಾಗುತ್ತಾರೆ. ಕಲಿಸಿದ್ದು ಪ್ರತಿ ಬಾರಿ ಮೊದಲಿನಿಂದ. ಭಾಗದ ಮೇಲೇ ಬೆಳಕು ಬಿದ್ದು ‘ಇಲ್ಲಿ, ಹೀಗೆ’ ಎಂದರೆ ಭಾಷೆಯ ಗೋಡೆ ತಗ್ಗುತ್ತದೆ, ಕನ್ನಡದಲ್ಲೋ ಒಡಿಯಾದಲ್ಲೋ ಒಂದು ಸಾಲು ಕಿವಿಗೆ ಕೇಳಿಸಬಹುದು. 2022ರಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿದ್ದಾರೆ. ಇಂಥ ಕಲಿಕೆಗೆ ಅವುಗಳಿಗಿಂತ ಒಳ್ಳೆಯ ಜಾಗವಿಲ್ಲ. ಎರಡನೆಯದು, ಕೈ ಎಲ್ಲಿ ಹೋಯಿತೆಂದು ನೋಡುವ ಕ್ಯಾಮೆರಾ ಯಾರು ಎಷ್ಟು ಸಲ ನೀರು ಕುಡಿಯಲು ಎದ್ದರು ಎಂದೂ ಎಣಿಸಬಲ್ಲದು. ತಪ್ಪು ಹಿಡಿಯಲು ತಂದದ್ದು ಜನರನ್ನು ಹಿಡಿಯಲು ಬಳಕೆಯಾದ ದಿನ, ತಪ್ಪು ಒಪ್ಪಿಕೊಳ್ಳುವವರು ಯಾರೂ ಇರುವುದಿಲ್ಲ. ಆ ದಾಖಲೆ ಯಾರ ಕೈಲಿರುತ್ತದೆ, ಎಷ್ಟು ದಿನ ಇರುತ್ತದೆ ಎಂಬುದನ್ನು ಯಂತ್ರ ಬರುವ ಮೊದಲೇ ಕೆಲಸಗಾರರ ಎದುರು ಬರೆದು ತೀರ್ಮಾನಿಸಬೇಕು.

ಇದನ್ನೆಲ್ಲ ನಮ್ಮ ಬೀದಿಯ ಆಕೆಗೆ ವಿವರಿಸಿದೆ. ಹಲಗೆಯ ಮೇಲೆ ಬೆಳಕಿನ ಗೆರೆ ಮೂಡುತ್ತದೆ, ಕೂರಿಸಬೇಕಾದ ತೂತು ಮಾತ್ರ ಬೆಳಗುತ್ತದೆ ಎಂದಾಗ ಕಣ್ಣರಳಿಸಿ ಕೇಳಿಸಿಕೊಂಡರು. ಆಮೇಲೆ ಕೇಳಿದರು: “ಡ್ರಾಯಿಂಗ್ ರಿವಿಷನ್ ಆದಾಗ ಅದೂ ಬದಲಾಗುತ್ತಾ ಅಣ್ಣ? ಒಂದ್ಸಲ ನಮ್ಮಲ್ಲಿ ಹೊಸಾದು ಬಂದು ಎರಡು ದಿನ ಆಗಿತ್ತು. ನಾವು ಹಳೇದನ್ನೇ ನೋಡ್ಕೊಂಡು ಕಟ್ತಾ ಇದ್ವಿ.”

ಬದಲಾಗಬೇಕು, ಬದಲಿಸುವವರು ಇರಬೇಕು ಎಂದೆ.

“ಮತ್ತೆ ನಾವು ಬರೆದಿರೋದು?” ಎಂದರು. ಅವರ ಹಲಗೆಯ ಅಂಚಿನಲ್ಲಿ ಏಳು ವರ್ಷದ ಪೆನ್ಸಿಲ್ ಬರಹವಿದೆಯಂತೆ. ಈ ಕವಲಿನಲ್ಲಿ ತುಸು ಸಡಿಲ ಬಿಡು. ಇಲ್ಲಿ ಮೊದಲು ಒಳಗಿನ ಸಾಲು, ಆಮೇಲೆ ಹೊರಗಿನದು. ಈ ಪಿನ್ನು ಕೂರಿಸಿದ ಮೇಲೆ ಒಂದು ಸಲ ಎಳೆದು ನೋಡು. ಯಾವ ಡ್ರಾಯಿಂಗಿನಲ್ಲೂ ಇಲ್ಲದ ಮಾತುಗಳು, ಹೊಸದಾಗಿ ಬರುವ ಹುಡುಗಿಯರು ಮೊದಲು ಓದುವುದು ಅವನ್ನೇ.